ಅಂಚೆಯಣ್ಣನಿಗೇ ಗೊತ್ತಿಲ್ಲದ ಅಂಚೆ ಮತ

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಅಜ್ಜಿ ಅಂಚೆ ಮತ ಹಾಕಿದರು. ಅಂಚೆ ಅಂದರೆ ಅವರ ಲೆಕ್ಕದಲ್ಲಿ ಖಾಕಿ ಅಂಗಿ, ಸೈಕಲ್ ಬೆಲ್ಲು, 'ಅಮ್ಮಾ ಪೋಸ್ಟ್'. ಹಾಗಾಗಿ ಬೆಳಗ್ಗೆಯಿಂದಲೇ ಜಗಲಿ ಮೇಲೆ ಕೂತು ಕಾದರು. ಬಂದದ್ದು ಜೀಪು. ಇಳಿದವರು ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸು, ಒಬ್ಬ ವಿಡಿಯೋದವನು. ಹಿಂದೆ ಬೈಕಿನಲ್ಲಿ ಪಕ್ಷಗಳ ಏಜೆಂಟರು.

"ಯಾರ ಮದುವೆನಪ್ಪಾ?" ಅಂದರು ಅಜ್ಜಿ.

ಆ ಸಲ ವಯಸ್ಸು 80 ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಮತ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಕೊಟ್ಟ 12ಡಿ ಅನ್ನೋ ಅರ್ಜಿ ನಮೂನೆ ತುಂಬಿದರೆ ಆಯಿತು. ನಮ್ಮ ರಾಜ್ಯದ ವಿಧಾನಸಭಾ ಚುನಾವಣೆಯಲ್ಲಿ ಅದೇ ಮೊದಲು. ಒಳ್ಳೆ ಕೆಲಸವೇ, ನನ್ನ ತಕರಾರಿಲ್ಲ. ಅದರಲ್ಲಿ ಅಂಚೆ ಎಲ್ಲಿದೆ ಅನ್ನೋದಷ್ಟೇ ಪ್ರಶ್ನೆ.

ಊಟದ ಟೇಬಲ್ ಮೇಲಿದ್ದ ಉಪ್ಪಿನಕಾಯಿ ಜಾಡಿ ಸರಿಸಿ ರಟ್ಟಿನ ಮರೆ ನಿಲ್ಲಿಸಿದರು. ಗುಪ್ತ ಮತದಾನ ಅಲ್ವಾ, ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಅಜ್ಜಿಗೆ ಕಿವಿ ಸ್ವಲ್ಪ ಮಂದ. "ಯಾರಿಗೆ ಹಾಕಿದ್ರಿ ಅಂತ ಹೇಳಬಾರದು!" ಎಂದು ಅಧಿಕಾರಿ ಕೂಗಿದ್ದು ಬೀದಿ ಕೊನೆಯ ಹಿಟ್ಟಿನ ಗಿರಣಿಗೂ ಕೇಳಿತು. "ಹೇಳಲ್ಲಪ್ಪಾ, ಹೋದ ಸಲ ಹಾಕಿದವನಿಗೇ ಹಾಕ್ತೀನಿ" ಎಂದು ಅಜ್ಜಿಯೂ ಅದೇ ದನಿಯಲ್ಲಿ ಭರವಸೆ ಕೊಟ್ಟರು.

ಆಮೇಲೆ ಕವರಿನ ಆಟ. ಮತಪತ್ರ ಸಣ್ಣ ಕವರಿಗೆ, ಅದು 13ಬಿ. ಗೋಂದು ಹಚ್ಚಿ ಮುಚ್ಚಬೇಕು. ಆ ಕವರು ಮತ್ತು ಸಹಿ ಮಾಡಿದ ಘೋಷಣಾ ಪತ್ರ, ಅಂದರೆ 13ಎ, ಎರಡೂ ದೊಡ್ಡ ಕವರಿಗೆ. ಅದು 13ಸಿ. ಘೋಷಣೆಗೆ ಸಹಿ ಹಾಕದಿದ್ದರೆ ಮತ ತಿರಸ್ಕೃತ. ಮತಪತ್ರಕ್ಕೆ ಸಹಿ ಹಾಕಿದರೂ ತಿರಸ್ಕೃತ. ಹೋಳಿಗೆ ತಟ್ಟಿದ ಕೈ, ಯಾವ ಹೂರಣ ಯಾವ ಕಣಕದೊಳಗೆ ಅನ್ನೋದು ಅಜ್ಜಿಗೆ ಒಂದೇ ಸಲಕ್ಕೆ ತಿಳಿಯಿತು.

ಕವರು ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಜೀಪಿಗೆ. ಎದುರು ಗೋಡೆಯ ಕೆಂಪು ಅಂಚೆ ಡಬ್ಬ ಬಾಯಿ ಬಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿತ್ತು.

ಅಜ್ಜಿಗೆ ತಿಳಿದದ್ದು ಚಿಕ್ಕಪ್ಪನಿಗೆ ತಿಳಿದಿರಲಿಲ್ಲ. ಅವರು ಮೇಷ್ಟ್ರು, ಎಲೆಕ್ಷನ್ ಡ್ಯೂಟಿಯಲ್ಲಿ ಪಳಗಿದವರು. ಡ್ಯೂಟಿಯವರಿಗೂ ಅಂಚೆ ಮತವೇ. 2018ರಲ್ಲಿ ಅಂಚೆ ಮತಪತ್ರ ಮನೆಗೆ ತಂದು, ಗೆಜೆಟೆಡ್ ಆಫೀಸರ್ ಹುಡುಕಿ ಸಹಿ ಮಾಡಿಸಿ, ಸಣ್ಣ ಕವರು ಗಟ್ಟಿಯಾಗಿ ಅಂಟಿಸಿದರು. ದೊಡ್ಡ ಕವರು ತೆಗೆದಾಗ ಅದಕ್ಕೆ ಹಾಕಲು ಘೋಷಣೆಯೇ ಇಲ್ಲ! ಅದು ಮತಪತ್ರದ ಜೊತೆ ಒಳಗೆ ಬೆಚ್ಚಗೆ ಮಲಗಿತ್ತು. ರಿಜಿಸ್ಟರ್ ನಂಬರ್ ಬರೆಯದ ಹುಡುಗರಿಗೆ ಮುಲಾಜಿಲ್ಲದೆ ಸೊನ್ನೆ ಕೊಟ್ಟ ಮನುಷ್ಯ ಅವತ್ತು ಕೆಟಲ್ ಹಬೆಗೆ ಕವರು ಹಿಡಿದು ಕೂತಿದ್ದರು. ಮೂರು ಟ್ರೈನಿಂಗ್ ಆಗಿತ್ತು ಅವರಿಗೆ. ಮೂರರಲ್ಲೂ ಉಪ್ಪಿಟ್ಟು ಚೆನ್ನಾಗಿತ್ತಂತೆ.

ಈ ಕವರುಗಳ ಗತ್ತು ನೋಡಬೇಕಂದರೆ ಎಣಿಕೆ ದಿನ ಹೋಗಬೇಕು. ಬೆಳಗ್ಗೆ 8ಕ್ಕೆ ಮೊದಲ ಮರ್ಯಾದೆ ಅಂಚೆ ಮತಕ್ಕೇ, ಯಂತ್ರಗಳ ಸರದಿ ಆಮೇಲೆ. 2023ರ ಮೇ 13ರಂದು ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಕೊನೆ ಮರ್ಯಾದೆಯೂ ಅವಕ್ಕೇ ಸಿಕ್ಕಿತು. ತಿರಸ್ಕರಿಸಿದ್ದ ಅಂಚೆ ಮತಗಳನ್ನು ರಾತ್ರಿ ಮತ್ತೆ ತೆಗೆದು ನೋಡಿದರು. ಕಡೆಗೆ ಗೆಲುವಿನ ಅಂತರ 16. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಒಂದೇ ಒಂದು ಮತದಲ್ಲಿ ತೀರ್ಮಾನವಾದ ರಾಜ್ಯ ಇದು. ಗೋಂದನ್ನು ಹಗುರವಾಗಿ ನೋಡಬೇಡಿ.

ನಿಜವಾಗಿ ಅಂಚೆ ಹಿಡಿಯುವುದು ಸೈನಿಕರ ಮತ. ಅದೂ ಹೋಗುವಾಗ ಕಂಪ್ಯೂಟರಿನಲ್ಲಿ, ಬರುವಾಗ ಮಾತ್ರ ಪೋಸ್ಟಿನಲ್ಲಿ. ದುಬೈಯಲ್ಲಿರುವ ನಮ್ಮ ಪಕ್ಕದ ಮನೆ ಹುಡುಗನಿಗೆ ಅದೂ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೂ ವಿಮಾನ ಹತ್ತಿ ಬಂದು ಊರಿನ ಬೂತಿನ ಕ್ಯೂನಲ್ಲೇ ನಿಲ್ಲಬೇಕು. ಅಂಚೆಯೇ ಬೇಕಾದವನಿಗೆ ಅಂಚೆ ಇಲ್ಲ, ಅಜ್ಜಿಗೆ ಜೀಪು.

ಜೀಪಿನ ಸುಖವೂ ಜಾಸ್ತಿ ದಿನ ಉಳಿಯಲಿಲ್ಲ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಮನೆ ಮತದ ವಯಸ್ಸನ್ನು 85ಕ್ಕೆ ಏರಿಸಿದರು. ಹಿಂದಿನ ವರ್ಷ 82 ಇದ್ದ ಅಜ್ಜಿಗೆ ಆಗ 83. ವಯಸ್ಸು ಒಂದು ಏರಿದ್ದಕ್ಕೆ ಅವರು ಮತದಾರರ ಲೆಕ್ಕದಲ್ಲಿ ಚಿಕ್ಕವರಾಗಿಬಿಟ್ಟರು. ಆಟೋದಲ್ಲಿ ಶಾಲೆವರೆಗೆ ಹೋಗಿ, ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತುವಾಗ ಕೇಳಿದರು: "ಮಂಡಿ ನೋವಿಗೂ ಇನ್ನೆರಡು ವರ್ಷ ತಡಿ ಅಂತ ಒಂದು ಕಾಗದ ಬರೀತಾರಾ ಕೇಳು."