ಸ್ಪಷ್ಟನೆ: ಹಿಂಡಲಗಾದಲ್ಲಿ ಉಮೇಶ್ ರೆಡ್ಡಿಗೆ ಗಲ್ಲು ಆಗಿಲ್ಲ

ಸರಣಿ ಹಂತಕನ ಕಥೆಯ ಥ್ರಿಲ್ಲರ್ ನೋಡಿ ಬಂದ ಬೆಳಗಾವಿ ಮಂದಿ ಎರಡು ಬಣವಾಗಿದ್ದಾರೆ. ಕೊಲೆಗಾರನ ಬಾಲ್ಯ ತೋರಿಸಿ ಕನಿಕರ ಹುಟ್ಟಿಸಿದ್ದು ತಪ್ಪು ಅಂತ ಕೆಲವರು, ಅದೇ ಚಿತ್ರದ ಜೀವಾಳ ಅಂತ ಕೆಲವರು. ನನಗೆ ಮೊದಲಿನವರ ಮಾತೇ ಸರಿ ಅನಿಸುತ್ತದೆ, ಇರಲಿ. ಆದರೆ ಈ ಚರ್ಚೆಯ ನಡುವೆ ಒಂದು ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ: 'ಇಂಥದೇ ಹಂತಕ ಉಮೇಶ್ ರೆಡ್ಡಿಯನ್ನು ನಮ್ಮ ಹಿಂಡಲಗಾ ಜೈಲಿನಲ್ಲೇ ನೇಣಿಗೆ ಹಾಕಿದರು.' ನಮ್ಮ ಮನೆಯ ಗ್ರೂಪಿಗೂ ಹಗ್ಗದ ಚಿತ್ರ ಸಮೇತ ಬಂತು. ಕಾಕಾ ಅದನ್ನು ನಂಬಿ ಮತ್ತೆ ನಾಲ್ಕು ಮಂದಿಗೆ ಕಳಿಸಿದ್ದರು.

ಇದು ಸುಳ್ಳು. ಆತನಿಗೆ 2006ರಲ್ಲಿ ಕೋರ್ಟ್ ಮರಣದಂಡನೆ ವಿಧಿಸಿದ್ದು ನಿಜ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದ್ದು, 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದ್ದೂ ನಿಜ. ಆದರೆ 2022ರ ನವೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿ, ಕನಿಷ್ಠ 30 ವರ್ಷ ಜೈಲಿನಲ್ಲಿರಬೇಕು ಎಂದಿತು. ಕಾರಣ ನಮ್ಮೂರಿನದೇ: ಬೆಳಗಾವಿಯ ಇದೇ ಹಿಂಡಲಗಾ ಜೈಲಿನಲ್ಲಿ ಆತನನ್ನು ಸುಮಾರು ಹತ್ತು ವರ್ಷ ಒಂಟಿ ಸೆರೆಯಲ್ಲಿ ಇಟ್ಟಿದ್ದರು. ಕ್ಷಮಾದಾನದ ದಾರಿ ಮುಗಿಯುವ ಮುನ್ನವೇ ಹಾಗೆ ಇಡುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ.

ಹಿಂಡಲಗಾದಲ್ಲಿ ಗಲ್ಲುಗಂಬ ಇರುವುದರಿಂದಲೇ ಮಂದಿ ಬೇಗ ನಂಬುತ್ತಾರೆ. ಆ ಸಂದೇಶ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿ, ಕಳಿಸಿದವರಿಗೂ ತಿಳಿಸಿ.