ಬೆಕಲ್ಸ್‌ಗೆ ಕ್ರಿಕೆಟ್ ಹವ್ಯಾಸವಲ್ಲ

ನಿಮ್ಮ ಲೇಖನದಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕುಲಪತಿ, ಇತಿಹಾಸಕಾರ ಹಿಲರಿ ಬೆಕಲ್ಸ್ ಅವರಿಗೆ ಕ್ರಿಕೆಟ್ ಬರಹ ‘ಬಿಡುವಿನ ಹವ್ಯಾಸ’ ಎಂದಿದ್ದೀರಿ. ಒಪ್ಪಲಾರೆ. ಗುಲಾಮಗಿರಿಯ ಚರಿತ್ರೆ ಬರೆದವರು ಅವರು. 1998ರಲ್ಲಿ ವೆಸ್ಟ್ ಇಂಡೀಸ್ ಕ್ರಿಕೆಟ್ ಬಗ್ಗೆ ಎರಡು ಸಂಪುಟ ತಂದದ್ದೂ ಅದೇ ಕೆಲಸದ ಮುಂದುವರಿಕೆ. ಫ್ರಾಂಕ್ ವೊರೆಲ್ ಬರುವವರೆಗೆ, ಅಂದರೆ 1960ರವರೆಗೆ, ಆ ತಂಡದಲ್ಲಿ ಕರಿಯ ಆಟಗಾರನಿಗೆ ಪೂರ್ತಿ ಸರಣಿಯ ನಾಯಕತ್ವವೇ ಸಿಕ್ಕಿರಲಿಲ್ಲ. ಇದು ಬರೀ ರನ್ನಿನ ಕಥೆ ಅಲ್ಲ, ಅಲ್ವಾ?

ನಮ್ಮ ಕಾಸರಗೋಡಿನ ತಳಂಗರೆಯ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಕೇರಳ ತಂಡದ ಪರವಾಗಿ ಮುಂಬೈ ವಿರುದ್ಧ 54 ಎಸೆತಕ್ಕೆ 137 ಹೊಡೆದಾಗ ಊರೇ ಖುಷಿಪಟ್ಟಿತು. ಇಲ್ಲಿನ ಮೈದಾನಗಳ ಕಥೆಯನ್ನೂ ಯಾರಾದರೂ ಬೆಕಲ್ಸ್ ಹಾಗೆ ಕೂತು ಬರೆಯಬೇಕು. ನಮ್ಮ ಜಿಲ್ಲೆಯ ಪೆರಿಯದಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳು ಶುರು ಮಾಡಲಿ, ಹಳೆಯ ಆಟಗಾರರು ಮಾತಾಡಲು ಇರುವಾಗಲೇ.