ಆ ಬ್ಲಾಕ್ ನಿಮ್ಮದು, ಕೇಳಿ ತಗೊಳ್ಳಿ

ಈಗಷ್ಟೇ ಒಂದು ಲ್ಯಾಬ್‌ನಿಂದ ಬಂದೆ. ಕೋಪ ಇನ್ನೂ ಇಳಿದಿಲ್ಲ. ನನ್ನ ಮುಂದೆ ನಿಂತಿದ್ದ ಹುಡುಗ ಅವರಪ್ಪನ ಬಯಾಪ್ಸಿ ಬ್ಲಾಕ್ ಕೇಳಿದ, ಅಂದರೆ ಪರೀಕ್ಷೆಗೆ ದೇಹದಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಪುಟ್ಟ ಗಟ್ಟಿ. "ರಿಪೋರ್ಟ್ ಕೊಟ್ಟಿದೀವಲ್ಲ, ಬ್ಲಾಕ್ ಯಾಕ್ರೀ ನಿಮಗೆ?" ಅಂತ ಕೌಂಟರಿನವರು ಗದರಿದರು. ಪಾಪ, ಹೊರಟೇಬಿಟ್ಟ. ಕರೆದು ನಿಲ್ಲಿಸಿದೆ. ಅರ್ಜಿ ಬರೆಸಿ, ಬ್ಲಾಕ್ ಅವನ ಕೈಗೆ ಬರುವ ತನಕ ಅಲ್ಲೇ ಕೂತೆ.

ನಾನು ಯಾಕೆ ಹೀಗೆ ಹಟ ಹಿಡಿದೆ ಅಂದರೆ, ನನ್ನ ಅಕ್ಕನ ವಿಷಯ ಹೇಳಬೇಕು. ಕಿವಿಯ ಕೆಳಗೆ ಗೋಲಿಯಷ್ಟು ಗಂಟು. ನೋವಿಲ್ಲ, ಜ್ವರ ಇಲ್ಲ. ಮಂಗನಬಾವು ಇರಬೇಕು ಅಂತ ಮನೆಯಲ್ಲಿ ಅರಿಸಿನ ಹಚ್ಚಿದೆವು. ಮಂಗನಬಾವು ತಿಂಗಳುಗಟ್ಟಲೆ ಇರುತ್ತದಾ? ಸೂಜಿ ಪರೀಕ್ಷೆಯಲ್ಲೂ ಸರಿಯಾಗಿ ತಿಳಿಯಲಿಲ್ಲ. ಕೊನೆಗೆ ಆಪರೇಷನ್. ಗಂಟು ಇದ್ದದ್ದು ಪೆರೋಟಿಡ್ ಅನ್ನುವ ಜೊಲ್ಲುಗ್ರಂಥಿಯಲ್ಲಿ. ಮುಖದ ನರ ಅದರೊಳಗೇ ಕವಲೊಡೆದು ಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚಲು ಬರುವುದಿಲ್ಲ, ಬಾಯಿ ಸೊಟ್ಟಗಾಗುತ್ತದೆ. ಸರ್ಜನ್ ಒಂದೊಂದೇ ಕವಲು ಬಿಡಿಸಿ ಉಳಿಸಿಕೊಟ್ಟರು. ಅಕ್ಕ ನಕ್ಕಾಗಲೆಲ್ಲ ಅವರ ನೆನಪಾಗುತ್ತದೆ.

ರಿಪೋರ್ಟಿನಲ್ಲಿ ಬಂದದ್ದು ಅಸಿನಿಕ್ ಸೆಲ್ ಕಾರ್ಸಿನೋಮಾ, ಜೊಲ್ಲುಗ್ರಂಥಿಯ ಒಂದು ಬಗೆಯ ಕ್ಯಾನ್ಸರ್. ಸರ್ಜನ್ ಆಗಲೇ ಹೇಳಿದ್ದರು, ಬ್ಲಾಕ್ ತಗೊಂಡು ಹೋಗಿ, ತಲೆ ಕುತ್ತಿಗೆಯ ಕ್ಯಾನ್ಸರನ್ನೇ ನೋಡುವ ಪೆಥಾಲಜಿಸ್ಟ್ (ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಯಾವುದೆಂದು ಹೇಳುವ ಡಾಕ್ಟರ್) ಹತ್ತಿರ ಇನ್ನೊಮ್ಮೆ ಓದಿಸಿ ಅಂತ. ಬೇಡ ಅಂದದ್ದು ನಾನು. ಹೌದು, ನಾನೇ. ದುಡ್ಡು ಯಾಕೆ ಸುಮ್ನೆ, ಅಕ್ಕನಿಗೆ ಮತ್ತೆ ಭಯ ಯಾಕೆ ಅಂದೆ. ಏಳು ತಿಂಗಳು ಆ ಬ್ಲಾಕ್ ಲ್ಯಾಬ್‌ನಲ್ಲೇ ಇತ್ತು.

ಎರಡನೇ ಸಲ ಓದಿದಾಗ ಹೆಸರೇ ಬೇರೆ: ಸೆಕ್ರೀಟರಿ ಕಾರ್ಸಿನೋಮಾ. ಜೊಲ್ಲುಗ್ರಂಥಿಯ ಕ್ಯಾನ್ಸರ್‌ಗಳೇ ಅಪರೂಪ, ಅದರಲ್ಲೂ ಇದು ಅಪರೂಪ. 2010ರಲ್ಲಿ ಚೆಕ್ ದೇಶದ ಪೆಥಾಲಜಿಸ್ಟ್ ಅಲೆನಾ ಸ್ಕಾಲೋವಾ ಮತ್ತು ಜೊತೆಗಾರರು ಇದನ್ನು ಬೇರೆಯದೇ ಕಾಯಿಲೆ ಅಂತ ಗುರುತಿಸುವ ಮೊದಲು ಎಷ್ಟೋ ಜನರದ್ದು ಅಸಿನಿಕ್ ಸೆಲ್ ಲೆಕ್ಕಕ್ಕೇ ಸೇರಿತ್ತು. ನೋಡಲು ಅಷ್ಟು ಹತ್ತಿರ. ಎಸ್100, ಮ್ಯಾಮಗ್ಲೋಬಿನ್ ಅನ್ನುವ ಬಣ್ಣದ ಪರೀಕ್ಷೆ ಮಾಡಿದರೆ ಸುಳಿವು ಸಿಗುತ್ತದೆ. ಹೆಚ್ಚಿನವರಲ್ಲಿ ಇಟಿವಿ6, ಎನ್‌ಟಿಆರ್‌ಕೆ3 ಅನ್ನುವ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ, ಅದು ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ಇದಕ್ಕೆಲ್ಲ ಬೇಕಾದದ್ದು ಆ ಮೇಣದ ಬ್ಲಾಕ್, ಅಷ್ಟೇ.

ಎರಡಕ್ಕೂ ಆಪರೇಷನ್ನೇ ಅಲ್ವಾ, ಹೆಸರು ಯಾವುದಾದರೇನು ಅಂತ ಭಾವ ಈಗಲೂ ಕೇಳುತ್ತಾರೆ. ಮೊದಲ ಆಪರೇಷನ್ ಮಟ್ಟಿಗೆ ಹೌದು. ಹೆಚ್ಚಿನವರಿಗೆ ಅಷ್ಟರಲ್ಲೇ ವಾಸಿಯೂ ಆಗುತ್ತದೆ. ಆದರೆ ತಿರುಗಿ ಬಂದರೆ? ಶ್ವಾಸಕೋಶಕ್ಕೆ ಹೋದರೆ? ಆ ಜೀನ್ ಬೆಸುಗೆ ಇದ್ದವರಿಗೆ ಲಾರೊಟ್ರೆಕ್ಟಿನಿಬ್ ಅನ್ನುವ ಮಾತ್ರೆ ಇದೆ. 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದೇ ಕ್ಯಾನ್ಸರ್ ಯಾವ ಅಂಗದ್ದು ಅಂತ ನೋಡದೆ, ಬೆಸುಗೆ ನೋಡಿ. ಮಾತ್ರೆಗೆ ವಿಪರೀತ ದುಡ್ಡು, ನಿಜ. ಆದರೆ ತಪ್ಪು ಹೆಸರು ಹೊತ್ತುಕೊಂಡು ಕೂತರೆ ಅಂಥದ್ದೊಂದು ದಾರಿ ಇದೆ ಅನ್ನುವುದೇ ಗೊತ್ತಾಗುವುದಿಲ್ಲವಲ್ಲ! ಅಕ್ಕನಿಗೆ ಇದುವರೆಗೆ ಅದು ಬೇಕಾಗಿಲ್ಲ. ಬೇಕಾದ ದಿನ ಮತ್ತೆ ಏಳು ತಿಂಗಳು ಕಳೆಯಲು ನಾನು ತಯಾರಿಲ್ಲ.

ಇದನ್ನು ಬರೆಯುತ್ತಿರುವಾಗಲೇ ಆ ಹುಡುಗ ಫೋನ್ ಮಾಡಿದ. ರಾತ್ರಿ ಬಸ್ಸಿಗೆ ಹೊರಟಿದ್ದಾನಂತೆ, ಬ್ಲಾಕ್ ಟಿಫಿನ್ ಡಬ್ಬಿಯಲ್ಲಿದೆಯಂತೆ. ಇಂಜಿನ್ ಹತ್ತಿರ ಇಡಬೇಡಪ್ಪ, ಮೇಣ ಕರಗುತ್ತದೆ ಅಂದೆ. "ತೊಡೆ ಮೇಲೇ ಇಟ್ಕೊಂಡಿದೀನಿ ಮೇಡಂ" ಅಂದ.